ಕರೆಂಟ್ ಹೋಗಿ ಬಂದ ಮೇಲೆ ಜಿಂಬ್ರಾ ಏಳುತ್ತಿಲ್ಲ, ರೀಇನ್‌ಸ್ಟಾಲ್ ಮಾಡಲೇ?

ಬೇಡ. ಗೋಣಿಕೊಪ್ಪದ ನಿಮ್ಮ ಆಫೀಸಿನಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ, ಬಂದ ಮೇಲೆ ಜಿಂಬ್ರಾ ಎಂಬ ಮೇಲ್ ಸರ್ವರ್ ಏಳದೆ ಮೇಲ್, ಕ್ಯಾಲೆಂಡರ್ ಎರಡೂ ತೆರೆಯುತ್ತಿಲ್ಲ. 'ಝಡ್‌ಎಂಕಂಟ್ರೋಲ್ ಸ್ಟೇಟಸ್' ಕೊಟ್ಟರೆ ಎಲ್‌ಡ್ಯಾಪ್‌ನಿಂದ (ಬಳಕೆದಾರರ, ಸೆಟ್ಟಿಂಗ್‌ಗಳ ವಿವರ ಇಡುವ ಡೈರೆಕ್ಟರಿ) ಸರ್ವಿಸ್‌ಗಳ ವಿವರ ಸಿಗುತ್ತಿಲ್ಲ ಅನ್ನುತ್ತದೆ ಎಂದು ಬರೆದಿದ್ದೀರಿ. ಮಡಿಕೇರಿಯಲ್ಲಿ ಇಂಥದ್ದೇ ಒಂದು ಸರ್ವರ್ ನೋಡಿಕೊಳ್ಳುವವನು ನಾನು. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದಾಗಲೆಲ್ಲ ಈ ಕಥೆ ಇದ್ದದ್ದೇ.

ಜಿಂಬ್ರಾದಲ್ಲಿ ಯಾವ ಸರ್ವಿಸ್ ಓಡಬೇಕು ಎಂಬುದೂ ಎಲ್‌ಡ್ಯಾಪ್‌ನಲ್ಲೇ ಬರೆದಿರುತ್ತದೆ. ಅದು ಏಳದಿದ್ದರೆ ಮಿಕ್ಕವು ಏಳುವುದಿಲ್ಲ. ಹಾಗಾಗಿ ಮೇಲ್‌ಬಾಕ್ಸ್ ಲಾಗ್ ಕೆದಕುತ್ತ ಕೂರಬೇಡಿ, ಬುಡದಿಂದ ನೋಡಿ.

ಮೊದಲು 'ಡೇಟ್' ಎಂದು ಹೊಡೆಯಿರಿ. ನಗಬೇಡಿ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದ್ದರೆ, ಕರೆಂಟ್ ಹೋದ ಕೂಡಲೇ ಗಡಿಯಾರ ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂರುತ್ತದೆ. ಆ ತಾರೀಖಿಗೆ ನಿಮ್ಮ ಸರ್ಟಿಫಿಕೇಟ್ (ಸರ್ವರಿನ ಡಿಜಿಟಲ್ ಗುರುತಿನ ಚೀಟಿ) ಇನ್ನೂ ಹುಟ್ಟಿಯೇ ಇರುವುದಿಲ್ಲ, ಅದನ್ನು ನಂಬಿದ ಸುರಕ್ಷಿತ ಸಂಪರ್ಕ, ಅಂದರೆ ಟಿಎಲ್‌ಎಸ್, ಕೈ ಕೊಡುತ್ತದೆ, ಎಲ್‌ಡ್ಯಾಪ್ ಓಡುತ್ತಿದ್ದರೂ ಯಾರ ಕೈಗೂ ಸಿಗುವುದಿಲ್ಲ. ಇಂಟರ್ನೆಟ್ ಇದ್ದಿದ್ದರೆ ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಮಾಡುತ್ತಿತ್ತು. ಆದರೆ ಮರ ಬಿದ್ದ ದಿನ ನಮ್ಮಲ್ಲಿ ಕೇಬಲ್ಲೂ ಹೋಗಿರುತ್ತದಲ್ಲ! ಕೈಯಾರೆ ಸಮಯ ಸರಿಮಾಡಿ, ಹೊಸ ಸೆಲ್ ಹಾಕಿ.

ಆಮೇಲೆ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ತೋರಿಸುವ 'ಡಿಎಫ್ ಹೈಫನ್ ಎಚ್'. ಜಿಂಬ್ರಾ ಇರುವ ಡಿಸ್ಕ್ ಭರ್ತಿಯಾಗಿದ್ದರೆ ಹಳೇ ಲಾಗ್, ಹಳೇ ಬ್ಯಾಕಪ್ ಬೇರೆಡೆಗೆ ಸಾಗಿಸಿ. ಸರ್ವರಿನ ಐಪಿಯನ್ನೂ (ನೆಟ್‌ವರ್ಕ್ ವಿಳಾಸ) ಹೆಸರಿಗೆ ಐಪಿ ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿರುವುದನ್ನೂ ತಾಳೆ ನೋಡಿ. ರೌಟರ್ ಹೊಸ ಐಪಿ ಕೊಟ್ಟಿದ್ದರೂ ಇದೇ ಗೋಳು.

ಇಷ್ಟಾದ ಮೇಲೆ 'ಎಸ್‌ಯು ಹೈಫನ್ ಜಿಂಬ್ರಾ' ಮಾಡಿ, ಅಂದರೆ ಜಿಂಬ್ರಾ ಎಂಬ ಬಳಕೆದಾರರಾಗಿ, 'ಎಲ್‌ಡ್ಯಾಪ್ ಸ್ಟಾರ್ಟ್' ಮಾತ್ರ ಕೊಡಿ. ಎದ್ದರೆ 'ಝಡ್‌ಎಂಕಂಟ್ರೋಲ್ ಸ್ಟಾರ್ಟ್'. ಏಳದಿದ್ದರೆ 'ವಾರ್/ಲಾಗ್' ಫೋಲ್ಡರಿನ 'ಜಿಂಬ್ರಾ ಡಾಟ್ ಲಾಗ್' ಬಾಲ ನೋಡಿ. ಅಲ್ಲಿ 'ಪರ್ಮಿಷನ್ ಡಿನೈಡ್' ಕಂಡರೆ ಯಾರೋ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಏನನ್ನೋ ಓಡಿಸಿದ್ದಾರೆ ಎಂದೇ ನನ್ನ ಗುಮಾನಿ. ಎಲ್ಲ ನಿಲ್ಲಿಸಿ, ರೂಟ್‌ನಿಂದ ಫೈಲುಗಳ ಅನುಮತಿ ಸರಿಮಾಡುವ 'ಝಡ್‌ಎಂಫಿಕ್ಸ್‌ಪರ್ಮ್ಸ್' ಓಡಿಸಿ.

ಇಷ್ಟು ಹೊತ್ತು ಬಂದ ಮೇಲ್ ಹೋಯಿತೇ ಎಂಬ ಭಯ ಬೇಡ. ಕಳಿಸಿದವರ ಸರ್ವರ್ ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಗಿಸುವ ತಂತ್ರಾಂಶ ಆದರೆ ಡೀಫಾಲ್ಟ್ 5 ದಿನ. ನಿಮ್ಮಲ್ಲೇ ಬಂದು ನಿಂತವು 'ಪೋಸ್ಟ್‌ಕ್ಯೂ ಹೈಫನ್ ಪಿ'ಯಲ್ಲಿ ಕಾಣುತ್ತವೆ. 7025ನೇ ಪೋರ್ಟ್ ಸಿಗಲಿಲ್ಲ ಎಂದಿದ್ದರೆ ಮೇಲ್‌ಬಾಕ್ಸ್ ಸರ್ವಿಸ್ ಇನ್ನೂ ಎದ್ದಿಲ್ಲ ಎಂದರ್ಥ. ಅದು ಎದ್ದ ಮೇಲೆ 'ಪೋಸ್ಟ್‌ಕ್ಯೂ ಹೈಫನ್ ಎಫ್' ಕೊಟ್ಟರೆ ಸಾಕು.

ಯುಪಿಎಸ್ ಇದ್ದರೆ ಅದರ ಯುಎಸ್‌ಬಿ ಕೇಬಲ್ ಸರ್ವರಿಗೆ ಸಿಕ್ಕಿಸಿ, ಬ್ಯಾಟರಿ ತಳ ಮುಟ್ಟುವ ಮೊದಲೇ 'ಝಡ್‌ಎಂಕಂಟ್ರೋಲ್ ಸ್ಟಾಪ್' ಆಗಿ ಮಿಷನ್ ಆಫ್ ಆಗುವಂತೆ ಮಾಡಿ. ಇಷ್ಟೆಲ್ಲ ಮಾಡಿಯೂ ಎಲ್‌ಡ್ಯಾಪ್ ಏಳದಿದ್ದರೆ ಲಾಗಿನ ಕೊನೆಯ ಇಪ್ಪತ್ತು ಸಾಲು ಇಲ್ಲಿ ಹಾಕಿ. ಪಾಸ್‌ವರ್ಡ್, ವಿಳಾಸ ಇದ್ದರೆ ಅಳಿಸಿ ಹಾಕಿ, ಮಾರಾಯ್ರೆ.