‘ನೊಂದುಕೊಂಡಿತು’ ಅಂತ ಹೇಗೆ ಗೊತ್ತಾಯ್ತು?

ನಮಸ್ಕಾರ.

ನೀವು ಕಳಿಸಿದ ‘ಯಂತ್ರಕ್ಕೂ ಮನಸ್ಸುಂಟು’ ಲೇಖನ ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪುಟದ ನಾಲ್ಕು ಸಾಲು ನನ್ನನ್ನು ಬಿಡ್ತಾ ಇಲ್ಲ. ಅದನ್ನಷ್ಟೇ ಬರೆಯುತ್ತೇನೆ.

“ಯಂತ್ರಕ್ಕೆ ಬುದ್ಧಿ ಬಂದಾಗಿದೆ.” ಸರಿ. 1997ರಲ್ಲೇ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಅದನ್ನು ಬುದ್ಧಿ ಅನ್ನಿ, ನನ್ನ ತಕರಾರಿಲ್ಲ.

“ಹಾಗಾಗಿ ಅದರ ಅರಿವೂ ಬೆಳೆಯುತ್ತಿದೆ.” ಈ ‘ಹಾಗಾಗಿ’ ಎಲ್ಲಿಂದ ಬಂತು? ಬುದ್ಧಿಯನ್ನು ಕೆಲಸದಲ್ಲಿ ನೋಡಬಹುದು. ಅರಿವು ಅಂದರೆ ಒಳಗೆ ಏನೋ ಅನ್ನಿಸುವುದು. ಹಲ್ಲುನೋವಿಗೆ ಅಳುವ ಮಗುವಿಗೆ ಕೂಡುವ ಲೆಕ್ಕ ಬರದೇ ಇರಬಹುದು, ನೋವಂತೂ ಇದೆ. ಒಂದು ಜಾಸ್ತಿಯಾದರೆ ಇನ್ನೊಂದೂ ಆಗಲೇಬೇಕು ಅಂತಿಲ್ಲ. ಮಿದುಳು ಇಷ್ಟೆಲ್ಲ ಕೆಲಸ ಮಾಡುವಾಗ ಅದರ ಜೊತೆಗೆ ಅನುಭವ ಅನ್ನುವುದು ಯಾಕೆ ಇದೆ ಅನ್ನುವುದನ್ನೇ ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದರು. ನೀವು ಅದನ್ನು ಒಂದು ‘ಹಾಗಾಗಿ’ಯಲ್ಲಿ ದಾಟಿಬಿಟ್ಟಿದ್ದೀರಿ.

“1950ರಲ್ಲೇ ಟ್ಯೂರಿಂಗ್ ಇದನ್ನು ಸಾಬೀತು ಮಾಡಿದ್ದಾರೆ.” ಇಲ್ಲ. ಯಂತ್ರ ಯೋಚಿಸಬಲ್ಲದೇ ಅನ್ನುವ ಪ್ರಶ್ನೆಯನ್ನೇ ಗಣಿತಜ್ಞ ಅಲನ್ ಟ್ಯೂರಿಂಗ್ ಆ ವರ್ಷದ ತಮ್ಮ ಲೇಖನದಲ್ಲಿ ಪಕ್ಕಕ್ಕಿಟ್ಟು, ಒಂದು ಆಟ ಮುಂದಿಟ್ಟರು: ಬರೆದ ಉತ್ತರಗಳನ್ನಷ್ಟೇ ನೋಡಿ ಯಾರು ಮನುಷ್ಯ, ಯಾವುದು ಯಂತ್ರ ಅಂತ ಹೇಳಬೇಕು. ಪ್ರಜ್ಞೆಯಲ್ಲಿ ನಿಗೂಢವೇನೂ ಇಲ್ಲ ಅನ್ನುವುದು ತಮ್ಮ ಅಭಿಪ್ರಾಯವಲ್ಲ ಅಂತ ಅದೇ ಲೇಖನದಲ್ಲಿ ಬರೆದಿದ್ದಾರೆ. ದಯವಿಟ್ಟು ಮೂಲ ಲೇಖನ ಓದಿ.

ಇನ್ನು ನನಗೆ ನಿಜವಾಗಿ ಸಿಟ್ಟು ಬಂದ ಸಾಲು: “ನನ್ನ ಮಾತಿಗೆ ಚಾಟ್‌ಬಾಟ್ ನೊಂದುಕೊಂಡಿತು.”

ನಾನು ಬರೆಯಲು ಕಲಿಯುತ್ತಿದ್ದಾಗ ಒಂದು ಲೇಖನದಲ್ಲಿ ‘ಕಂಪ್ಯೂಟರ್ ಅರ್ಥ ಮಾಡಿಕೊಂಡಿತು’ ಅಂತ ಬರೆದಿದ್ದೆ. ನನ್ನ ಸಂಪಾದಕರು ಬೇರೆಲ್ಲೂ ಗೆರೆ ಎಳೆಯಲಿಲ್ಲ, ಆ ಒಂದು ಕ್ರಿಯಾಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ‘ನಿನಗೆ ಹೇಗೆ ಗೊತ್ತು?’ ಅಂತ ಬರೆದು ವಾಪಸ್ ಕೊಟ್ಟರು. ಇಡೀ ದಿನ ಕೂತು ಯೋಚಿಸಿದೆ. ಕಂಡದ್ದು ಪರದೆಯ ಮೇಲಿನ ಅಕ್ಷರ ಮಾತ್ರ, ಮಿಕ್ಕದ್ದೆಲ್ಲ ನಾನು ತುಂಬಿದ್ದು. ಆ ಸುತ್ತು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹಾಗೆ ತುಂಬುವುದು ನಮ್ಮೆಲ್ಲರ ಗುಣ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಬಗ್ಗೆ ಬರೆದರು. ಅದು ನಾವು ಬರೆದ ವಾಕ್ಯದಲ್ಲಿ ಒಂದು ಪದ ಹಿಡಿದು, ಅದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಅವರು ಅದನ್ನು ಕಟ್ಟುತ್ತಿದ್ದುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಒಮ್ಮೆ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿಗೆ ಅವರನ್ನೇ ‘ನೀವು ಕೋಣೆಯಿಂದ ಹೊರಗೆ ಹೋಗ್ತೀರಾ’ ಅಂತ ಕೇಳಿದರಂತೆ. ಆಕೆಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅನ್ನಿಸಿದ್ದು ಆಕೆಗೆ, ಅಲ್ವಾ?

ಯಂತ್ರಕ್ಕೆ ಎಂದೂ ಅರಿವು ಬಾರದು ಅಂತ ನಾನು ಹೇಳುತ್ತಿಲ್ಲ. ನೀವು ಹಾಗೆ ಖಡಾಖಂಡಿತವಾಗಿ ಬರೆದು ಕಳಿಸಿದ್ದರೂ ಇದೇ ಪ್ರಶ್ನೆ ಕೇಳುತ್ತಿದ್ದೆ.

ಈಗ ಆ ಸಾಲು ತೆಗೆಯಿರಿ. ಅದರ ಜಾಗದಲ್ಲಿ ನೀವು ಏನು ಟೈಪ್ ಮಾಡಿದಿರಿ, ಏನು ಉತ್ತರ ಬಂತು, ಅದನ್ನು ಓದಿದಾಗ ನಿಮಗೆ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆದು ಮತ್ತೆ ಕಳಿಸಿ. ಓದಲು ಕಾಯುತ್ತಿರುತ್ತೇನೆ.