ಎಚ್‌ಡಿಎಫ್‌ಎಸ್ ಓದಿದ್ದೀನಿ, ಆದರೂ ಇಂಟರ್ವ್ಯೂನಲ್ಲಿ ‘ಯಾಕೆ?’ ಅಂದ ತಕ್ಷಣ ತಡವರಿಸ್ತೀನಿ. ಹೇಗೆ ತಯಾರಾಗಲಿ?

ನಿಮ್ಮ ಪ್ರಶ್ನೆ ಓದಿದೆ. ಊರು ಮೂಡಿಗೆರೆ, ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್, ಈಗ ಎಸ್‌ಕ್ಯೂಎಲ್ ರಿಪೋರ್ಟ್ ಕೆಲಸ. ಬಿಗ್ ಡೇಟಾ ಕಡೆ ಹೋಗಬೇಕು ಅಂತ ಇಂಟರ್ವ್ಯೂ ಕೊಡ್ತಿದ್ದೀರಿ. ಎಚ್‌ಡಿಎಫ್‌ಎಸ್ (ಹಡೂಪ್ ಡಿಸ್ಟ್ರಿಬ್ಯೂಟೆಡ್ ಫೈಲ್ ಸಿಸ್ಟಮ್, ಅಂದರೆ ದೊಡ್ಡ ಫೈಲ್‌ಗಳನ್ನು ತುಂಡು ಮಾಡಿ ಹಲವು ಮೆಷಿನ್‌ಗಳಲ್ಲಿ ಹಂಚಿಡುವ ವ್ಯವಸ್ಥೆ) ಅಂದ್ರೇನು ಅಂತ ಕೇಳಿದರೆ ಹೇಳ್ತೀರಿ, ಅದರ ಮುಂದಿನ ಪ್ರಶ್ನೆಗೆ ಮಾತು ನಿಂತುಹೋಗುತ್ತದೆ. ಎಷ್ಟು ಕಮಾಂಡ್ ಬಾಯಿಪಾಠ ಮಾಡಬೇಕು, ಎಲ್ಲವೂ ಕ್ಲೌಡ್‌ಗೆ ಹೋಗಿರುವಾಗ ಇದನ್ನು ಓದೋದು ದಂಡ ಅಲ್ವಾ ಅಂತಲೂ ಕೇಳಿದ್ದೀರಿ.

ನಾನು ಹಾಸನದವನು. ಇಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಡೇಟಾ ಇಂಜಿನಿಯರ್ ಆಗಿ ಕೆಲಸ ಮಾಡ್ತೀನಿ. ಇಂಟರ್ವ್ಯೂನಲ್ಲಿ ಪ್ರಶ್ನೆ ಕೇಳುವ ಜಾಗದಲ್ಲೂ ಕೂರುತ್ತೇನೆ. ಅಲ್ಲಿ ಬರುವವರು ಹೆಚ್ಚಿನವರು ‘ಬ್ಲಾಕ್ 128 ಎಂಬಿ, ಕಾಪಿ 3, ನೇಮ್‌ನೋಡ್ ಒಂದು, ಡೇಟಾನೋಡ್ ಹಲವು’ ಅಂತ ಮಗ್ಗಿ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತಾರೆ. (ಬ್ಲಾಕ್ ಅಂದರೆ ಫೈಲ್‌ನ ಒಂದು ತುಂಡು, ಡೇಟಾನೋಡ್ ಅಂದರೆ ಆ ತುಂಡುಗಳನ್ನು ಇಟ್ಟುಕೊಳ್ಳುವ ಮೆಷಿನ್, ನೇಮ್‌ನೋಡ್ ಅಂದರೆ ಯಾವ ತುಂಡು ಎಲ್ಲಿದೆ ಅಂತ ಲೆಕ್ಕ ಇಡುವ ಮೆಷಿನ್.) ಅದು ತಪ್ಪಲ್ಲ. ಆದರೆ ‘128 ಯಾಕೆ, 4 ಕೆಬಿ ಯಾಕಲ್ಲ?’ ಅಂದರೆ ಮುಂದೆ ದಾರಿ ಇಲ್ಲ. ನನ್ನ ಸಲಹೆ ಇಷ್ಟೇ: ವ್ಯಾಖ್ಯಾನಗಳನ್ನು ಬಿಡಿ, ಒಂದು ಫೈಲ್‌ನ ಹಿಂದೆ ಹೋಗಿ. ಅದನ್ನು ಬರೆಯುವಾಗ ಏನಾಗುತ್ತದೆ, ಓದುವಾಗ ಏನಾಗುತ್ತದೆ, ಮಧ್ಯೆ ಒಂದು ಮೆಷಿನ್ ಸತ್ತರೆ ಏನಾಗುತ್ತದೆ. ಈ ಮೂರು ಗೊತ್ತಿದ್ದರೆ ಬಾಕಿ ಪ್ರಶ್ನೆಗಳಿಗೆ ನೀವೇ ಉತ್ತರ ಕಟ್ಟಿಕೊಳ್ಳಬಹುದು.

ಮೊದಲು ಹಿನ್ನೆಲೆ, ಚುಟುಕಾಗಿ. 2003ರಲ್ಲಿ ಗೂಗಲ್‌ನವರು ತಮ್ಮ ಫೈಲ್ ಸಿಸ್ಟಮ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರ ದಾರಿಯಲ್ಲೇ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ಕಟ್ಟಿದ ಕೆಲಸ 2006ರಲ್ಲಿ ಹಡೂಪ್ ಅನ್ನುವ ಹೆಸರು ಪಡೆಯಿತು. ಎಚ್‌ಡಿಎಫ್‌ಎಸ್ ಅದರದ್ದೇ ಫೈಲ್ ಸಿಸ್ಟಮ್. ಇಸವಿಗಳನ್ನು ಯಾರೂ ಕೇಳುವುದಿಲ್ಲ. ಆದರೆ ಆ ಪ್ರಬಂಧದ ಮೂಲ ತೀರ್ಮಾನಗಳನ್ನು ತಲೆಯಲ್ಲಿಟ್ಟುಕೊಳ್ಳಿ. ಸಾಧಾರಣ ಬೆಲೆಯ ನೂರಾರು ಮೆಷಿನ್ ಸೇರಿಸಿದರೆ ಯಾವುದಾದರೂ ಒಂದು ಕೆಡುತ್ತಲೇ ಇರುತ್ತದೆ, ಅದು ಮಾಮೂಲು. ಫೈಲ್‌ಗಳು ತುಂಬಾ ದೊಡ್ಡವು. ಒಮ್ಮೆ ಬರೆದ ಮೇಲೆ ಮಧ್ಯದಲ್ಲಿ ತಿದ್ದುವುದು ಅಪರೂಪ, ಮೊದಲಿನಿಂದ ಕೊನೆವರೆಗೆ ಓದುವುದೇ ಜಾಸ್ತಿ. ಎಚ್‌ಡಿಎಫ್‌ಎಸ್‌ನ ಹೆಚ್ಚುಕಡಿಮೆ ಎಲ್ಲ ನಿಯಮಗಳೂ ಈ ಮೂರರಿಂದ ಹುಟ್ಟಿದವು.

ಈಗ ಫೈಲ್ ಬರೆಯೋಣ. ನಿಮ್ಮ ಪ್ರೋಗ್ರಾಂ ಮೊದಲು ನೇಮ್‌ನೋಡನ್ನು ಕೇಳುತ್ತದೆ: ಈ ಹೆಸರಿನ ಫೈಲ್ ಬೇಕು, ಎಲ್ಲಿ ಬರೆಯಲಿ? ನೇಮ್‌ನೋಡ್ ಒಂದೊಂದು ಬ್ಲಾಕ್‌ಗೂ ಮೂರು ಡೇಟಾನೋಡ್‌ಗಳ ವಿಳಾಸ ಕೊಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಡೇಟಾ ನೇಮ್‌ನೋಡ್ ಮೂಲಕ ಹಾದುಹೋಗುವುದೇ ಇಲ್ಲ. ಇದನ್ನು ಇಂಟರ್ವ್ಯೂನಲ್ಲಿ ನೀವಾಗಿಯೇ ಹೇಳಿ, ಕೇಳುವವರ ಮುಖ ಅರಳುತ್ತದೆ. ಪ್ರೋಗ್ರಾಂ 64 ಕೆಬಿ ಅಳತೆಯ ಪ್ಯಾಕೆಟ್‌ಗಳನ್ನು ಮೊದಲ ಡೇಟಾನೋಡ್‌ಗೆ ಕಳಿಸುತ್ತದೆ, ಅದು ಎರಡನೆಯದಕ್ಕೆ ದಾಟಿಸುತ್ತದೆ, ಎರಡನೆಯದು ಮೂರನೆಯದಕ್ಕೆ. ‘ಬಂತು’ ಅನ್ನುವ ಉತ್ತರ ಅದೇ ಸಾಲಿನಲ್ಲಿ ಹಿಂದಕ್ಕೆ ಬರುತ್ತದೆ. ಮಧ್ಯೆ ಒಂದು ಡೇಟಾನೋಡ್ ಸತ್ತರೆ ಬರವಣಿಗೆ ನಿಲ್ಲುವುದಿಲ್ಲ. ಸತ್ತದ್ದನ್ನು ಸಾಲಿನಿಂದ ತೆಗೆದು ಉಳಿದವುಗಳಲ್ಲಿ ಮುಂದುವರಿಯುತ್ತದೆ. ಕಡಿಮೆಯಾದ ಕಾಪಿಯನ್ನು ನೇಮ್‌ನೋಡ್ ಆಮೇಲೆ ಬೇರೆ ಕಡೆ ಮಾಡಿಸುತ್ತದೆ.

ಮೂರು ಕಾಪಿ ಎಲ್ಲೆಲ್ಲಿ ಅನ್ನುವುದೂ ಕೇಳುತ್ತಾರೆ. ಬರೆಯುವ ಪ್ರೋಗ್ರಾಂ ಡೇಟಾನೋಡ್ ಮೇಲೆಯೇ ಓಡುತ್ತಿದ್ದರೆ ಮೊದಲ ಕಾಪಿ ಅಲ್ಲೇ. ಎರಡನೆಯದು ಬೇರೆ ರ‍್ಯಾಕ್‌ನಲ್ಲಿ. ರ‍್ಯಾಕ್ ಅಂದರೆ ಒಂದೇ ಸ್ವಿಚ್‌ಗೆ ಸೇರಿದ ಮೆಷಿನ್‌ಗಳ ಕಪಾಟು. ಮೂರನೆಯದು ಆ ಎರಡನೇ ರ‍್ಯಾಕ್‌ನಲ್ಲೇ, ಆದರೆ ಬೇರೆ ಮೆಷಿನ್‌ನಲ್ಲಿ. ಮೂರನ್ನೂ ಮೂರು ರ‍್ಯಾಕ್‌ನಲ್ಲಿ ಇಟ್ಟರೆ ಇನ್ನೂ ಭದ್ರ ಅಲ್ವಾ ಅಂತ ಕೇಳಿದರೆ ಗಾಬರಿ ಬೇಡ. ಹೌದು, ಸ್ವಲ್ಪ ಭದ್ರ. ಆದರೆ ಬರೆಯುವಾಗ ಡೇಟಾ ಎರಡು ಸಲ ರ‍್ಯಾಕ್ ದಾಟಬೇಕು. ಈಗಿನ ನಿಯಮದಲ್ಲಿ ಒಂದೇ ಸಲ ದಾಟುತ್ತದೆ, ಒಂದು ರ‍್ಯಾಕ್‌ನ ಸ್ವಿಚ್ ಪೂರ್ತಿ ಕೆಟ್ಟರೂ ಡೇಟಾ ಉಳಿಯುತ್ತದೆ. ಏನು ಕೊಟ್ಟು ಏನು ಪಡೆದರು ಅನ್ನುವುದನ್ನು ಹೀಗೆ ಹೇಳಿದರೆ ಸಾಕು.

ನೇಮ್‌ನೋಡ್ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡಿ, ಯಾಕೆಂದರೆ ಅರ್ಧ ಪ್ರಶ್ನೆಗಳು ಇಲ್ಲಿಂದಲೇ ಬರುತ್ತವೆ. ಯಾವ ಫೈಲ್, ಯಾವ ಬ್ಲಾಕ್, ಎಲ್ಲಿದೆ ಅನ್ನುವ ಇಡೀ ಲೆಕ್ಕವನ್ನು ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬೇಗ ಉತ್ತರ ಕೊಡಲು ಅದೇ ದಾರಿ. ಆದರೆ ಮೆಮೊರಿಗೆ ಮಿತಿ ಇದೆ. ಒಂದು ಫೈಲ್‌ಗೆ ಅಥವಾ ಒಂದು ಬ್ಲಾಕ್‌ಗೆ ಸುಮಾರು 150 ಬೈಟ್ ಬೇಕು ಅನ್ನುವುದು ಎಲ್ಲರೂ ಬಳಸುವ ಅಂದಾಜು.

ನಿಮ್ಮ ಕಡೆ ಕಾಫಿ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡ್ತಾರಲ್ವಾ? 10,000 ತೋಟಗಳು ದಿನಕ್ಕೊಂದು ಫೈಲ್ ಕಳಿಸುತ್ತವೆ ಅಂದುಕೊಳ್ಳಿ, ಒಂದೊಂದೂ 300 ಬೈಟ್. ವರ್ಷಕ್ಕೆ 36.5 ಲಕ್ಷ ಫೈಲ್. ಫೈಲ್‌ಗೆ ಒಂದು, ಅದರ ಬ್ಲಾಕ್‌ಗೆ ಒಂದು ಅಂತ 73 ಲಕ್ಷ ನಮೂದು. 150ರಿಂದ ಗುಣಿಸಿದರೆ 109.5 ಕೋಟಿ ಬೈಟ್, ಅಂದರೆ ಸುಮಾರು 1.1 ಜಿಬಿ ಮೆಮೊರಿ. ಈಗ ಡೇಟಾ ಎಷ್ಟಿದೆ ನೋಡಿ: 36.5 ಲಕ್ಷ ಗುಣಿಸು 300, ಅದೂ 109.5 ಕೋಟಿ ಬೈಟೇ. ಡೇಟಾ ಎಷ್ಟೋ ಅದರ ಲೆಕ್ಕ ಇಡಲು ಅಷ್ಟೇ ಮೆಮೊರಿ ಹೋಯಿತು! ಅದನ್ನೇ ಒಂದು ಫೈಲ್ ಮಾಡಿ ಸೇರಿಸಿದರೆ 9 ಬ್ಲಾಕ್, ಒಂದು ಫೈಲ್, ಒಟ್ಟು 10 ನಮೂದು, 1,500 ಬೈಟ್. ಸಣ್ಣ ಫೈಲ್‌ಗಳ ಸಮಸ್ಯೆ ಅಂದರೆ ಇದು. 128 ಎಂಬಿ ಯಾಕೆ ಅನ್ನುವುದಕ್ಕೂ ಮುಖ್ಯ ಉತ್ತರ ಇದೇ. ಬ್ಲಾಕ್ ಸಣ್ಣದಾದಷ್ಟೂ ಲೆಕ್ಕ ಬೆಳೆಯುತ್ತದೆ. ಜೊತೆಗೆ ಡಿಸ್ಕ್ ಒಮ್ಮೆ ಜಾಗ ಹುಡುಕಿಕೊಂಡ ಮೇಲೆ ಒಂದೇ ಸಮನೆ ಓದುವುದು ಲಾಭ. ಹಳೆಯ ಹಡೂಪ್ 1ರಲ್ಲಿ ಇದು 64 ಎಂಬಿ ಇತ್ತು, 2ರಿಂದ 128 ಆಯಿತು. ಈ ಲೆಕ್ಕವನ್ನು ಇಂಟರ್ವ್ಯೂನಲ್ಲಿ ಪೇಪರ್ ಮೇಲೆ ಮಾಡಿ ತೋರಿಸಿ. ವ್ಯಾಖ್ಯಾನ ಹೇಳಿದ್ದಕ್ಕಿಂತ ನೂರು ಪಾಲು ಮೇಲು.

ಇಲ್ಲೇ ಒಂದು ಮಾಮೂಲಿ ಬಲೆ ಇದೆ. ‘300 ಬೈಟ್ ಫೈಲ್ ಡಿಸ್ಕ್‌ನಲ್ಲಿ 128 ಎಂಬಿ ತಿನ್ನುತ್ತದಾ?’ ಇಲ್ಲ. 128 ಅನ್ನುವುದು ಗರಿಷ್ಠ ಮಿತಿ ಅಷ್ಟೇ. ವ್ಯರ್ಥವಾಗುವುದು ಮೆಮೊರಿ, ಡಿಸ್ಕ್ ಅಲ್ಲ.

ಮೆಷಿನ್ ಸಾಯುವ ಕಥೆಗೆ ಬರೋಣ. ಪ್ರತಿ ಡೇಟಾನೋಡ್ 3 ಸೆಕೆಂಡಿಗೊಮ್ಮೆ ನೇಮ್‌ನೋಡ್‌ಗೆ ‘ಇದ್ದೀನಿ’ ಅನ್ನುತ್ತದೆ. ಅದು ನಿಂತರೆ ತಕ್ಷಣ ಸತ್ತಿತು ಅಂತ ಬರೆದುಕೊಳ್ಳುವುದಿಲ್ಲ. ಡೀಫಾಲ್ಟ್ ಲೆಕ್ಕದಲ್ಲಿ 10 ನಿಮಿಷ 30 ಸೆಕೆಂಡ್ ಕಾಯುತ್ತದೆ. ಯಾಕಿಷ್ಟು ಹೊತ್ತು? ಸುಮ್ನೆ ರೀಸ್ಟಾರ್ಟ್ ಆಗುತ್ತಿರುವ ಮೆಷಿನ್‌ಗಾಗಿ ಅದರೊಳಗಿನ ಟಿಬಿಗಟ್ಟಲೆ ಡೇಟಾವನ್ನು ನೆಟ್‌ವರ್ಕ್ ಮೇಲೆ ಮತ್ತೆ ಕಾಪಿ ಮಾಡಿಸುವುದು ದುಬಾರಿ. ಅಷ್ಟರಲ್ಲಿ ಓದುವವರಿಗೆ ತೊಂದರೆ ಇಲ್ಲ, ಬೇರೆ ಎರಡು ಕಾಪಿ ಇದ್ದೇ ಇವೆ.

ನೇಮ್‌ನೋಡೇ ಸತ್ತರೆ? ಫೈಲ್‌ಗಳ ಹೆಸರು, ಯಾವ ಫೈಲ್‌ಗೆ ಯಾವ ಬ್ಲಾಕ್ ಅನ್ನುವುದು ಡಿಸ್ಕ್‌ನಲ್ಲಿ ಎಫ್‌ಎಸ್‌ಇಮೇಜ್ (ಆ ಲೆಕ್ಕದ ಒಂದು ಪ್ರತಿ) ಮತ್ತು ಎಡಿಟ್ ಲಾಗ್ (ಆಮೇಲಿನ ಬದಲಾವಣೆಗಳ ಪಟ್ಟಿ) ರೂಪದಲ್ಲಿ ಉಳಿದಿರುತ್ತದೆ. ಆದರೆ ಯಾವ ಬ್ಲಾಕ್ ಯಾವ ಮೆಷಿನ್‌ನಲ್ಲಿದೆ ಅನ್ನುವುದು ಡಿಸ್ಕ್‌ನಲ್ಲಿ ಇರುವುದಿಲ್ಲ! ನೇಮ್‌ನೋಡ್ ಮತ್ತೆ ಎದ್ದಾಗ ಡೇಟಾನೋಡ್‌ಗಳೇ ‘ನನ್ನ ಹತ್ತಿರ ಇವು ಇವೆ’ ಅಂತ ಪಟ್ಟಿ ಕಳಿಸಬೇಕು. ತನ್ನ ಡಿಸ್ಕ್‌ನಲ್ಲಿ ಏನಿದೆ ಅನ್ನುವುದು ಆ ಮೆಷಿನ್‌ಗೇ ಸರಿಯಾಗಿ ಗೊತ್ತು, ಅದಕ್ಕೆ. 99.9 ಶೇಕಡಾ ಬ್ಲಾಕ್‌ಗಳ ಸುದ್ದಿ ಬರುವ ತನಕ ಏನನ್ನೂ ಬರೆಯಲು ಬಿಡುವುದಿಲ್ಲ. ಅದೇ ಸೇಫ್ ಮೋಡ್. ನೋಡಿ, ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ ವಿಷಯಗಳು ಒಂದಕ್ಕೊಂದು ಹೇಗೆ ಕೂಡಿಕೊಂಡವು.

‘ಸೆಕೆಂಡರಿ ನೇಮ್‌ನೋಡ್ ಬ್ಯಾಕಪ್ ತಾನೆ?’ ಅಂತ ಕೇಳಿದರೆ ಅಲ್ಲ ಅಂತ ಗಟ್ಟಿಯಾಗಿ ಹೇಳಿ. ಎಡಿಟ್ ಲಾಗನ್ನು ಎಫ್‌ಎಸ್‌ಇಮೇಜ್ ಜೊತೆ ಸೇರಿಸಿಕೊಡುವುದಷ್ಟೇ ಅದರ ಕೆಲಸ, ಡೀಫಾಲ್ಟ್ ಆಗಿ ಗಂಟೆಗೊಮ್ಮೆ ಅಥವಾ 10 ಲಕ್ಷ ಬದಲಾವಣೆಗೊಮ್ಮೆ. ನಿಜವಾದ ಬದಲಿ ಬೇಕೆಂದರೆ ಸ್ಟ್ಯಾಂಡ್‌ಬೈ ನೇಮ್‌ನೋಡ್ ಇಡುತ್ತಾರೆ. ಆಕ್ಟಿವ್ ಇರುವುದು ತನ್ನ ಬದಲಾವಣೆಗಳನ್ನು ಜರ್ನಲ್‌ನೋಡ್‌ಗಳಲ್ಲಿ ಬರೆಯುತ್ತದೆ, ಸಾಮಾನ್ಯವಾಗಿ ಅವು 3, ಬಹುಮತ ಒಪ್ಪಿದರೆ ಬರೆದ ಹಾಗೆ. ಸ್ಟ್ಯಾಂಡ್‌ಬೈ ಅದನ್ನು ಓದುತ್ತಾ ಹಿಂದೆಯೇ ಬರುತ್ತದೆ. ಡೇಟಾನೋಡ್‌ಗಳು ಇಬ್ಬರಿಗೂ ಪಟ್ಟಿ ಕಳಿಸುತ್ತವೆ. ಯಾರು ಆಕ್ಟಿವ್ ಅನ್ನುವುದನ್ನು ಝೂಕೀಪರ್ (ಹಲವು ಮೆಷಿನ್‌ಗಳ ನಡುವೆ ಹೊಂದಾಣಿಕೆ ನೋಡಿಕೊಳ್ಳುವ ಸಾಫ್ಟ್‌ವೇರ್) ಸಹಾಯದಿಂದ ತೀರ್ಮಾನಿಸುತ್ತಾರೆ. ಹಳೆಯದು ಸಾಯದೆ ಸುಮ್ಮನೆ ನಿಧಾನವಾಗಿದ್ದು, ಎರಡೂ ತಾನೇ ಯಜಮಾನ ಅಂದುಕೊಂಡರೆ ಲೆಕ್ಕ ಹಾಳು. ಹಾಗಾಗದಂತೆ ಹಳೆಯದನ್ನು ತಡೆದು ನಿಲ್ಲಿಸುವುದಕ್ಕೆ ಫೆನ್ಸಿಂಗ್ ಅಂತಾರೆ. ಮುಂದಿನ ಪ್ರಶ್ನೆ ಅದೇ ಇರುತ್ತದೆ.

ಇಷ್ಟನ್ನು ಓದಿದ ಮೇಲೆ ದಯವಿಟ್ಟು ಒಂದು ಸಲ ಕೈಯಾರೆ ಮಾಡಿ. ಒಂದೇ ಲ್ಯಾಪ್‌ಟಾಪ್ ಸಾಕು, 8 ಜಿಬಿ ಮೆಮೊರಿ ಇದ್ದರೂ ನಡೆಯುತ್ತದೆ. ಹಡೂಪ್ ಡೌನ್‌ಲೋಡ್ ನೂರಾರು ಎಂಬಿ ಇದೆ, ಊರಲ್ಲಿ ನೆಟ್ ನಿಧಾನ ಅಂದರೆ ಚಿಕ್ಕಮಗಳೂರಿಗೆ ಹೋದಾಗ ಇಳಿಸಿಕೊಳ್ಳಿ. ಒಂದು ಎಚ್ಚರಿಕೆ: ಡೀಫಾಲ್ಟ್ ಆಗಿ ಡೇಟಾ ಎಲ್ಲಾ ಲಿನಕ್ಸ್‌ನ ಟೆಂಪ್ ಫೋಲ್ಡರ್‌ಗೆ ಹೋಗುತ್ತದೆ. ರೀಸ್ಟಾರ್ಟ್ ಆದಾಗ ಅದು ಖಾಲಿಯಾಗಬಹುದು, ಆಮೇಲೆ ನೇಮ್‌ನೋಡ್ ಏಳುವುದೇ ಇಲ್ಲ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಕರೆಂಟ್ ಕಥೆ ನಿಮಗೇ ಗೊತ್ತು. ನೇಮ್‌ನೋಡ್, ಡೇಟಾನೋಡ್ ಎರಡರ ಫೋಲ್ಡರನ್ನೂ ಮೊದಲೇ ಹೋಮ್ ಒಳಗೆ ಇಟ್ಟುಬಿಡಿ.

ಆಮೇಲೆ 300 ಎಂಬಿ ಕನ್ನಡ ಪಠ್ಯದ ಫೈಲ್ ಮಾಡಿ. ಒಂದೇ ಪಠ್ಯವನ್ನು ಮತ್ತೆ ಮತ್ತೆ ಸೇರಿಸಿದರಾಯಿತು. ಅದನ್ನು ಎಚ್‌ಡಿಎಫ್‌ಎಸ್‌ಗೆ ಹಾಕಿ, ಡೇಟಾನೋಡ್‌ನ ಫೋಲ್ಡರ್ ತೆರೆದು ಒಳಗೊಳಗೆ ಹೋಗಿ. ಮೂರು ಬ್ಲಾಕ್ ಫೈಲ್ ಕಾಣುತ್ತವೆ: 128, 128, 44 ಎಂಬಿ. ಹೊಸ ಇನ್‌ಸ್ಟಾಲ್ ಆದರೆ ಮೊದಲನೆಯದರ ನಂಬರ್ 1073741825 ಇರುತ್ತದೆ. ಪಕ್ಕದಲ್ಲಿ ಮೆಟಾ ಅನ್ನುವ ಪುಟ್ಟ ಫೈಲ್, ಅದರಲ್ಲಿ ಪ್ರತಿ 512 ಬೈಟ್‌ಗೆ ಒಂದರಂತೆ ಚೆಕ್‌ಸಮ್, ಅಂದರೆ ಡೇಟಾ ಕೆಟ್ಟಿದೆಯೇ ಅಂತ ಪತ್ತೆಮಾಡುವ ಸಂಖ್ಯೆ. ಈಗ ಮೊದಲ ಬ್ಲಾಕ್‌ನ ಕೊನೆಯ ಸಾಲನ್ನು ಟರ್ಮಿನಲ್‌ನಲ್ಲಿ ನೋಡಿ. ಸಾಲು ಅರ್ಧಕ್ಕೆ ತುಂಡಾಗಿರುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್. ‘ಮೂಡಿಗೆರೆ’ ಅನ್ನುವ ನಾಲ್ಕು ಅಕ್ಷರಕ್ಕೆ, ಕೊಂಬು ಗುಡಿಸುಗಳೂ ಸೇರಿ 24 ಬೈಟ್. ಹಾಗಾಗಿ ಬ್ಲಾಕ್ ಎಷ್ಟೋ ಸಲ ಅಕ್ಷರದ ಮಧ್ಯದಲ್ಲೇ ತುಂಡಾಗಿ, ಕೊನೆಯಲ್ಲಿ ಅರ್ಥವಿಲ್ಲದ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಎಚ್‌ಡಿಎಫ್‌ಎಸ್‌ಗೆ ಬೈಟ್ ಮಾತ್ರ ಗೊತ್ತು. ಸಾಲು, ಅಕ್ಷರ ಏನೂ ಗೊತ್ತಿಲ್ಲ.

ಹಾಗಾದರೆ ಓದುವಾಗ ಸಾಲು ಕಳೆದುಹೋಗುವುದಿಲ್ಲವೇ? ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಮ್ಯಾಪ್‌ರೆಡ್ಯೂಸ್‌ನಲ್ಲಿ (ದೊಡ್ಡ ಫೈಲನ್ನು ಪಾಲು ಮಾಡಿ ಹಲವು ಮೆಷಿನ್‌ಗಳಲ್ಲಿ ಒಟ್ಟಿಗೆ ಲೆಕ್ಕ ಮಾಡುವ ಹಡೂಪ್‌ನ ವಿಧಾನ) ಸಾಲು ಓದುವ ಕೋಡ್ ಒಂದು ಒಪ್ಪಂದ ಪಾಲಿಸುತ್ತದೆ. ಮೊದಲ ಪಾಲು ಓದುವವನನ್ನು ಬಿಟ್ಟು ಉಳಿದವರೆಲ್ಲ ತಮ್ಮ ಮೊದಲ ಸಾಲನ್ನು ಎಸೆಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಗಡಿ ದಾಟಿ ಮುಂದಿನ ಬ್ಲಾಕ್‌ನಿಂದ ಸಾಲು ಪೂರ್ತಿ ಮಾಡಿಕೊಳ್ಳುತ್ತಾರೆ. ಯಾವ ಸಾಲೂ ಬಿಡುವುದಿಲ್ಲ, ಎರಡು ಸಲ ಬರುವುದೂ ಇಲ್ಲ. ಜಿಝಿಪ್ ಮಾಡಿ ಕುಗ್ಗಿಸಿದ ಫೈಲ್‌ನಲ್ಲಿ ಮಾತ್ರ ಈ ಉಪಾಯ ನಡೆಯದು, ಮಧ್ಯದಿಂದ ಬಿಚ್ಚಲು ಬರುವುದಿಲ್ಲ. 1 ಜಿಬಿ ಜಿಝಿಪ್ 8 ಬ್ಲಾಕ್ ಆಗಿ ಹಂಚಿಹೋದರೂ ಓದುವುದು ಒಂದೇ ಟಾಸ್ಕ್.

ಕ್ಲೌಡ್ ಬಗ್ಗೆ ಹೇಳುವುದಾದರೆ, ಓದಿದ್ದು ದಂಡ ಆಗುವುದಿಲ್ಲ. ಎಷ್ಟೋ ಕಂಪನಿಗಳು ಅಮೆಜಾನ್‌ನ ಎಸ್3 ತರಹದ ಆಬ್ಜೆಕ್ಟ್ ಸ್ಟೋರ್‌ಗೆ (ಕ್ಲೌಡ್‌ನಲ್ಲಿ ಫೈಲ್ ಇಡುವ ಸೇವೆ) ಹೋಗಿವೆ, ನಿಜ. ಆದರೆ ಅಲ್ಲಿ ಬರುವ ಪ್ರಶ್ನೆಗಳು ಈ ಎರಡರ ವ್ಯತ್ಯಾಸದ ಮೇಲೆಯೇ. ಎಚ್‌ಡಿಎಫ್‌ಎಸ್‌ನಲ್ಲಿ ಫೋಲ್ಡರ್ ಹೆಸರು ಬದಲಿಸುವುದು ನೇಮ್‌ನೋಡ್‌ನ ಲೆಕ್ಕದಲ್ಲಿ ಒಂದು ಬದಲಾವಣೆ, ಕ್ಷಣದ ಕೆಲಸ. ಸಾಮಾನ್ಯ ಎಸ್3 ಬಕೆಟ್‌ನಲ್ಲಿ ಫೋಲ್ಡರ್ ಅನ್ನುವುದೇ ನಿಜವಾಗಿ ಇಲ್ಲ. ಒಂದೊಂದನ್ನೂ ಕಾಪಿ ಮಾಡಿ ಹಳೆಯದನ್ನು ಅಳಿಸಬೇಕು. ಟೆಂಪರರಿ ಫೋಲ್ಡರ್‌ಗೆ ಬರೆದು ಕೊನೆಗೆ ಹೆಸರು ಬದಲಿಸುವ ಸ್ಪಾರ್ಕ್ (ದೊಡ್ಡ ಡೇಟಾ ಸಂಸ್ಕರಿಸುವ ಸಾಫ್ಟ್‌ವೇರ್) ಜಾಬ್ ಅಲ್ಲಿ ನಿಧಾನವಾಗುವುದು ಇದಕ್ಕೇ. ಬರೆದ ತಕ್ಷಣ ಎಲ್ಲರಿಗೂ ಹೊಸದೇ ಕಾಣುತ್ತದೆ ಅನ್ನುವ ಭರವಸೆ ಎಸ್3ಗೆ ಬಂದದ್ದು 2020ರ ಡಿಸೆಂಬರ್‌ನಲ್ಲಿ. ಹಳೆಯ ನೋಟ್ಸ್‌ನಲ್ಲಿ ಬೇರೆ ಥರ ಇದ್ದರೆ ನಂಬಬೇಡಿ.

ಇನ್ನೊಂದು ಈಗ ಜಾಸ್ತಿ ಕೇಳುವುದು ಇರೇಷರ್ ಕೋಡಿಂಗ್, ಹಡೂಪ್ 3ರಲ್ಲಿ ಬಂದದ್ದು. 6 ಪಾಲು ಡೇಟಾಗೆ 3 ಪಾಲು ಪ್ಯಾರಿಟಿ, ಅಂದರೆ ಕಳೆದದ್ದನ್ನು ಲೆಕ್ಕ ಹಾಕಿ ಮತ್ತೆ ಕಟ್ಟಲು ಇಡುವ ಹೆಚ್ಚುವರಿ ಡೇಟಾ. 1 ಟಿಬಿಗೆ 3 ಟಿಬಿ ಬದಲು 1.5 ಟಿಬಿ ಸಾಕು, ಯಾವ 3 ಪಾಲು ಹೋದರೂ ಡೇಟಾ ವಾಪಸ್ ಸಿಗುತ್ತದೆ. ಹೋದದ್ದನ್ನು ಕಟ್ಟಲು 6 ಕಡೆಯಿಂದ ಓದಬೇಕು, ಅದು ಖರ್ಚು. ಹಾಗಾಗಿ ಅಪರೂಪಕ್ಕೆ ಮುಟ್ಟುವ ಹಳೆಯ ಡೇಟಾಗೆ ಒಳ್ಳೆಯದು, ಸಣ್ಣ ಫೈಲ್‌ಗಳಿಗಲ್ಲ.

ಕಮಾಂಡ್‌ಗಳ ಪಟ್ಟಿ ಬಾಯಿಪಾಠ ಬೇಡ. ಹಾಕುವುದು, ತೆಗೆಯುವುದು, ನೋಡುವುದು ಲಿನಕ್ಸ್‌ನ ಹಾಗೇ ಇವೆ. ಎಫ್‌ಎಸ್‌ಸಿಕೆ ಒಂದನ್ನು ಚೆನ್ನಾಗಿ ಬಳಸಲು ಕಲಿಯಿರಿ. ಯಾವ ಫೈಲ್‌ಗೆ ಯಾವ ಬ್ಲಾಕ್, ಎಲ್ಲಿದೆ, ಯಾವುದರ ಕಾಪಿ ಕಡಿಮೆ ಇದೆ ಎಲ್ಲ ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ಫೈಲ್‌ಗೆ 3 ಕಾಪಿ ಬೇಕು ಅಂತ ಹೇಳಿ ನೋಡಿ. ಕಾಪಿ ಸಾಲದು ಅಂತ ದೂರುತ್ತದೆ, ಯಾಕೆಂದರೆ ಒಂದು ಡೇಟಾನೋಡ್ ಒಂದೇ ಬ್ಲಾಕ್‌ನ ಎರಡು ಕಾಪಿ ಇಟ್ಟುಕೊಳ್ಳುವುದಿಲ್ಲ. ಅಳಿಸುವಾಗ ಮಾತ್ರ ಹುಷಾರು: ಟ್ರ್ಯಾಶ್ ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಆನ್ ಮಾಡದಿದ್ದರೆ ಅಳಿಸಿದ್ದು ಹೋದ ಹಾಗೆಯೇ. ಎಫ್‌ಎಸ್‌ಸಿಕೆ ತೋರಿಸಿದ್ದರಲ್ಲಿ ಅರ್ಥವಾಗದ ಸಾಲು ಇದ್ದರೆ ಕೆಳಗೆ ಹಾಕಿ, ಸಂಜೆ ಕೆಲಸ ಮುಗಿದ ಮೇಲೆ ನೋಡಿ ಹೇಳ್ತೀನಿ.