ಸ್ಯಾನಿಟೈಸರ್ ಹಾಕಿದರೆ ಕೈ ಉರಿಯುತ್ತೆ, ಸೋಪಿನಲ್ಲೇ ತೊಳೆದರೆ ಸಾಲದಾ?

ಐಸಿಯುಗೆ ನರ್ಸಾಗಿ ಸೇರಿ ಮೂರು ತಿಂಗಳಾಯಿತು, ಬೆರಳ ಸಂದಿಯಲ್ಲೆಲ್ಲ ಬಿರುಕು, ಹ್ಯಾಂಡ್ ರಬ್ (ಆಸ್ಪತ್ರೆಯ ಆಲ್ಕೋಹಾಲ್ ಸ್ಯಾನಿಟೈಸರ್) ಹಾಕಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ, ಅದನ್ನು ಬಿಟ್ಟು ಚರ್ಮಕ್ಕೆ ಹಿತವಾದ ಸೋಪು ಯಾವುದಾದರೂ ಹೇಳಿ ಅಂತ ಕೇಳಿದ್ದೀರಿ. ಸೋಪಿನ ಹೆಸರು ನಾನು ಹೇಳುವುದಿಲ್ಲ. ಹ್ಯಾಂಡ್ ರಬ್ ಬಿಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ನೀವು ಈಗ ಮಾಡಬೇಕು ಅಂತಿರುವುದನ್ನೇ ನಾನು ಮಾಡಿದ್ದೆ.

2013ರ ನವೆಂಬರ್. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಸೇರಿದ್ದೆ. ಎಂಟು ಬೆಡ್. ನನ್ನ ಪಾಲಿಗೆ ಇಬ್ಬರು ಪೇಶೆಂಟ್, ಯಾರಾದರೂ ರಜೆ ಹಾಕಿದ ದಿನ ಮೂವರು. ಸಕ್ಷನ್ (ನಳಿಕೆಯಿಂದ ಕಫ ಎಳೆಯುವುದು), ಕ್ಯಾನುಲಾ (ಡ್ರಿಪ್‌ಗೆ ನರದಲ್ಲಿ ಇಡುವ ಸಣ್ಣ ಕೊಳವೆ), ಯೂರಿನ್ ಬ್ಯಾಗ್, ಮಗ್ಗುಲು ಬದಲಿಸುವುದು, ಮತ್ತೆ ಸಕ್ಷನ್. ಒಂದು ದಿನ ಸುಮ್ನೆ ಗ್ಲೋವ್ಸ್ ಡಬ್ಬಿಯ ಮೇಲೆ ಗೀಟು ಹಾಕುತ್ತಾ ಹೋದೆ. ಡ್ಯೂಟಿ ಮುಗಿಯುವಾಗ ಎಣಿಸಿದರೆ 54 ಗೀಟು. ಅಷ್ಟು ಸಲ ಕೈ ತೊಳೆದಿದ್ದೆ. ಚಳಿಗಾಲ ಬೇರೆ, ಬೋರ್‌ವೆಲ್ ನೀರು ಬೇರೆ.

ಮೊದಲು ಗೆಣ್ಣುಗಳ ಮೇಲೆ ಬಿಳಿ ಹೊಟ್ಟು ಎದ್ದಿತು. ಆಮೇಲೆ ಅಮ್ಮ ಕೊಟ್ಟ ಉಂಗುರದ ಕೆಳಗೆ ಕೆಂಪಾಗಿ ನವೆ ಶುರುವಾಯಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಬಿರುಕು. ಊಟಕ್ಕೆ ಕೂತರೆ ಸಾರು ಕಲಸಲು ಆಗುತ್ತಿರಲಿಲ್ಲ, ಹುಣಸೆ ಹುಳಿ ಬಿರುಕಿನೊಳಗೆ ಇಳಿಯುತ್ತಿತ್ತು. ಅಕ್ಕನ ಸೀಮಂತದ ದಿನ ರೇಷ್ಮೆ ಸೀರೆಯ ನೆರಿಗೆ ಹಿಡಿಯಲು ಹೋದರೆ ಬೆರಳ ಸಿಪ್ಪೆಗೆ ನೂಲು ಸಿಕ್ಕಿಕೊಂಡು ಚರ್ ಚರ್ ಅನ್ನುತ್ತಿತ್ತು. ಕೊನೆಗೆ ಅಮ್ಮನೇ ಉಡಿಸಿದರು.

ಹ್ಯಾಂಡ್ ರಬ್ ಮುಟ್ಟಿದರೆ ಬೆಂಕಿ. ಸೋಪು ಹಾಕಿದರೆ ಅಷ್ಟು ಉರಿ ಇಲ್ಲ. ಹಾಗಾಗಿ ತಪ್ಪೆಲ್ಲ ಹ್ಯಾಂಡ್ ರಬ್‌ದೇ ಅಂತ ತೀರ್ಮಾನ ಮಾಡಿಕೊಂಡೆ. "ಅದರಲ್ಲಿ ಸ್ಪಿರಿಟ್ ಇದೆ, ಚರ್ಮ ಸುಟ್ಟು ಹಾಕುತ್ತೆ" ಅಂತ ಜೊತೆಯವರೂ ಹೇಳಿದರು. ಹೊಸ ವರ್ಷದಿಂದ ಅದನ್ನು ಪೂರ್ತಿ ಬಿಟ್ಟು ಪ್ರತಿ ಸಲವೂ ಸಿಂಕ್‌ಗೇ ಹೋಗತೊಡಗಿದೆ. ಯಾವಾಗಲಾದರೂ ಡಾಕ್ಟರ್ ಎದುರಿಗಿದ್ದು ಹ್ಯಾಂಡ್ ರಬ್ ಹಾಕಲೇಬೇಕಾದರೆ, ಹಿಂದೆಯೇ ಹೋಗಿ ಸೋಪು ಹಾಕಿ ಅದನ್ನು ತೊಳೆದುಬಿಡುತ್ತಿದ್ದೆ.

ಈ ಒಂದು ವಿಷಯವನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಆರು ವಾರ ಹೋಗಿದ್ದು ಇದರಲ್ಲೇ.

ಗಾಯವಿಲ್ಲದ ಚರ್ಮಕ್ಕೆ ಆಲ್ಕೋಹಾಲ್ ಹಾಕಿದರೆ ಉರಿಯುವುದಿಲ್ಲ. ತಣ್ಣಗೆ ಅನ್ನಿಸುತ್ತದೆ ಅಷ್ಟೇ. ಉರಿಯುತ್ತಿದೆ ಅಂದರೆ ಚರ್ಮ ಮೊದಲೇ ಒಡೆದಿದೆ ಅಂತ ಅರ್ಥ. ಒಡೆದಿದ್ದು ಯಾರು? ಹೆಚ್ಚಿನ ಸಲ ಸೋಪು ಮತ್ತು ನೀರು. ಪಳಗಿದ ದೋಸೆ ಕಾವಲಿಯನ್ನು ಯಾರೂ ದಿನಾ ಸೋಪು ಹಾಕಿ ತಿಕ್ಕುವುದಿಲ್ಲ ಅಲ್ವಾ? ತಿಕ್ಕಿದರೆ ಜಿಡ್ಡಿನ ಪದರ ಹೋಗಿ ದೋಸೆ ಹಿಡಿದುಕೊಳ್ಳುತ್ತದೆ. ನಮ್ಮ ಚರ್ಮದ ಮೇಲ್ಪದರದಲ್ಲೂ ಅಂಥದೇ ಜಿಡ್ಡು ಇದೆ. ಒಳಗಿನ ನೀರು ಆರದಂತೆ, ಹೊರಗಿನದು ಒಳಗೆ ಇಳಿಯದಂತೆ ಅದು ತಡೆಯುತ್ತದೆ. ಸೋಪು ಆ ಜಿಡ್ಡನ್ನು ಎಬ್ಬಿಸುತ್ತದೆ, ನೀರು ಅದನ್ನು ಚರಂಡಿಗೆ ಕೊಂಡೊಯ್ಯುತ್ತದೆ. ಅದೂ ಅಲ್ಲದೆ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ (ಹುಳಿ-ಕ್ಷಾರದ ಅಳತೆ, ಕಮ್ಮಿ ಇದ್ದಷ್ಟೂ ಹುಳಿ) ಸುಮಾರು 5. ಬಾರ್ ಸೋಪು 9, 10ರ ಹತ್ತಿರ ಇರುತ್ತದೆ. ತೊಳೆದ ಮೇಲೆ ಚರ್ಮ ತನ್ನ ಸ್ಥಿತಿಗೆ ವಾಪಸ್ ಬರಲು ಸಮಯ ಬೇಕು. ನಾನು ಹತ್ತು ನಿಮಿಷಕ್ಕೊಮ್ಮೆ ತೊಳೆಯುತ್ತಿದ್ದೆ.

ಆಲ್ಕೋಹಾಲ್ ಕೂಡ ಜಿಡ್ಡನ್ನು ಕರಗಿಸುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ತೊಳೆದುಕೊಂಡು ಹೋಗಲು ನೀರಿಲ್ಲ. ಉಜ್ಜುವಾಗ ಜಿಡ್ಡು ಕೈ ಮೇಲೇ ಉಳಿಯುತ್ತದೆ. ಒಳ್ಳೆಯ ಹ್ಯಾಂಡ್ ರಬ್‌ನಲ್ಲಿ ಗ್ಲಿಸರಿನ್ ಕೂಡ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 80% ಎಥನಾಲ್ ಜೊತೆ 1.45% ಗ್ಲಿಸರಿನ್ ಇದೆ, ಅದು ಇರುವುದೇ ಚರ್ಮಕ್ಕಾಗಿ. ಅದೇ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಸೋಪನ್ನೂ ಹ್ಯಾಂಡ್ ರಬ್ಬನ್ನೂ ಒಂದರ ಹಿಂದೆ ಒಂದು ಬಳಸಬೇಡಿ ಅಂತ ಸ್ಪಷ್ಟವಾಗಿ ಇದೆ. ನಾನು ಮಾಡುತ್ತಿದ್ದದ್ದು ಅದನ್ನೇ. ಗಾಯ ಮಾಡುವವನನ್ನು ಹತ್ತಿರ ಇಟ್ಟುಕೊಂಡು, ಗಾಯ ಇದೆ ಅಂತ ಹೇಳಿದವನನ್ನು ಹೊರಗೆ ಹಾಕಿದ್ದೆ.

ಜನವರಿಯಲ್ಲಿ ಒಂದು ನೈಟ್ ಡ್ಯೂಟಿ. ಬೆಳಗಿನ ಜಾವ ನಾಲ್ಕು ಗಂಟೆ ಇರಬಹುದು. ಮೂರನೇ ಬೆಡ್‌ನ ಅಜ್ಜಿಗೆ ಮಗ್ಗುಲು ಬದಲಿಸಿ ಹಾಳೆ ಸರಿ ಮಾಡಿದೆ. ನಾಲ್ಕನೇ ಬೆಡ್‌ನಲ್ಲಿ ಡ್ರಿಪ್ ಅಲಾರಂ ಹೊಡೆದುಕೊಂಡಿತು. ನಡುವೆ ಸಿಂಕ್. ಸಿಂಕ್ ನೋಡಿದೆ, ಕೈ ನೋಡಿಕೊಂಡೆ, ತೊಳೆಯದೆ ಹೋಗಿ ಕ್ಯಾನುಲಾ ಮುಟ್ಟಿದೆ. ಆ ಪೇಶೆಂಟ್‌ಗೆ ಏನೂ ಆಗಲಿಲ್ಲ, ನಾಲ್ಕು ದಿನಕ್ಕೆ ವಾರ್ಡಿಗೆ ಹೋದರು. ಆದರೆ ನಾನು ಗೊತ್ತಿದ್ದೂ ತೊಳೆಯಲಿಲ್ಲ. ನೋವು ತಡೆಯದೆ ಬಿಟ್ಟೆ. ಹತ್ತು ವರ್ಷ ದಾಟಿದರೂ ಆ ಸಿಂಕ್ ನನ್ನ ಕಣ್ಣ ಮುಂದೆ ಇದೆ. ನೀವು "ಕೈ ಚೆಂದ ಹಾಳಾಗುತ್ತಿದೆ, ಇದು ಸಣ್ಣ ವಿಷಯ ಇರಬಹುದು" ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕೈ ನೋಯುವ ನರ್ಸ್ ಕೈ ತೊಳೆಯುವುದನ್ನು ತಪ್ಪಿಸುತ್ತಾಳೆ. ಒಡೆದ ಚರ್ಮದಲ್ಲಿ ಸ್ಟ್ಯಾಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಜಾಸ್ತಿ ಬೀಡು ಬಿಡುತ್ತವೆ, ಎಷ್ಟು ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ನಿಮ್ಮ ಚರ್ಮ ನಿಮ್ಮ ಪೇಶೆಂಟ್‌ಗೂ ಸೇರಿದ್ದು.

ಅದಾಗಿ ಒಂದು ವಾರಕ್ಕೆ ಹಾಜರಿ ಹಾಕುವ ಯಂತ್ರ ನನ್ನ ಹೆಬ್ಬೆರಳನ್ನು ಗುರುತಿಸಲಿಲ್ಲ. ಬೆರಳಚ್ಚಿನ ಗೆರೆಗಳೇ ಸವೆದು ಹೋಗಿದ್ದವು. ಆಫೀಸಿನವರು ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಹತ್ತಿರ ಕಳಿಸಿದರು. ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ. ಬೈಯುತ್ತಾರೆ ಅಂದುಕೊಂಡು ನಿಂತಿದ್ದೆ. "ದಿನಾ ಹೇಗೆ ತೊಳೀತೀಯೋ ಹಾಗೇ ತೊಳೆದು ತೋರಿಸು" ಅಂದರು.

ತೋರಿಸಿದೆ. ಗೀಸರ್‌ನ ಬಿಸಿನೀರಿನ ನಲ್ಲಿ ತಿರುಗಿಸಿದೆ. ಹೊಗೆಯಾಡುವ ನೀರಲ್ಲಿ ಕೈ ಒದ್ದೆ ಮಾಡಿ, ಕ್ಲೋರ್‌ಹೆಕ್ಸಿಡೀನ್ ಸ್ಕ್ರಬ್ (ಕ್ರಿಮಿನಾಶಕ ಇರುವ ಹ್ಯಾಂಡ್ ವಾಷ್) ಮೂರು ಸಲ ಒತ್ತಿ, ಉಜ್ಜಿ, ತೊಳೆದು, ಟಿಶ್ಯೂನಲ್ಲಿ ಒಂದು ಸಲ ತಟ್ಟಿ, ಅವಸರಕ್ಕೆ ಗ್ಲೋವ್ಸ್ ಎಳೆದುಕೊಂಡೆ. ಅವರು ನನ್ನ ಬಲಗೈ ಹಿಡಿದು, ಮಣಿಕಟ್ಟಿನಿಂದ ಗ್ಲೋವ್ಸನ್ನು ನಿಧಾನಕ್ಕೆ ಕೆಳಗೆ ಸುಲಿದರು. ಒಳಗಡೆಯಿಂದ ಮೂರು ಹನಿ ನೀರು ಸಿಂಕ್‌ಗೆ ಬಿತ್ತು. "ಈ ನೀರಲ್ಲಿ ಸೋಪೂ ಇದೆ. ದಿನಕ್ಕೆ ಎಂಟು ಗಂಟೆ ನಿನ್ನ ಕೈ ಇದರೊಳಗೆ ಬೇಯ್ತಾ ಇದೆ" ಅಂದರು. ನಲ್ಲಿ ಮುಟ್ಟಿ ನೋಡಿ, "ಬಿಸಿನೀರು ಕ್ರಿಮಿ ಕೊಲ್ಲುತ್ತೆ ಅಂತ ಯಾರು ಹೇಳಿದ್ದು?" ಅಂತ ಕೇಳಿದರು. ಕ್ರಿಮಿ ಸಾಯುವಷ್ಟು ಬಿಸಿಗೆ ನಮ್ಮ ಕೈ ತಡೆಯುವುದಿಲ್ಲ. ಬಿಸಿನೀರಿನಿಂದ ಜಿಡ್ಡು ಮಾತ್ರ ಬೇಗ ಹೋಗುತ್ತದೆ. ಆಪರೇಷನ್‌ಗೆ ಮುಂಚೆ ಬಳಸುವಂಥ ಸ್ಕ್ರಬ್ಬನ್ನು ನಾನು ಪ್ರತಿ ಸಲವೂ ಮೂರು ಪಂಪ್ ಬಳಸುತ್ತಿದ್ದೆ.

ಅವರು ಅವತ್ತು ಹೇಳಿದ ಒಂದು ಸಂಗತಿ ನಿಮಗೂ ಹೇಳಬೇಕು. ಆಪರೇಷನ್ ಥಿಯೇಟರ್‌ನಲ್ಲಿ ರಬ್ಬರ್ ಗ್ಲೋವ್ಸ್ ಬಂದ ಕಥೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರ ಚಳಿಗಾಲದಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನುವ ಥಿಯೇಟರ್ ನರ್ಸ್‌ಗೆ ಮರ್ಕ್ಯುರಿಕ್ ಕ್ಲೋರೈಡ್ ಅನ್ನುವ ಕ್ರಿಮಿನಾಶಕ ದ್ರಾವಣದಲ್ಲಿ ಕೈ ತೊಳೆದು ತೊಳೆದು ಚರ್ಮ ಕಿತ್ತುಬಂತು. ಅಲ್ಲಿನ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳು ಗ್ಲೋವ್ಸ್ ಮಾಡಿಸಿಕೊಟ್ಟರು. ಮುಂದಿನ ವರ್ಷ ಅವರಿಬ್ಬರಿಗೂ ಮದುವೆ ಆಯಿತು. ಪೇಶೆಂಟ್‌ಗೆ ಸೋಂಕು ತಗಲದಂತೆ ಅಂತ ಎಲ್ಲರೂ ಗ್ಲೋವ್ಸ್ ಹಾಕಿಕೊಳ್ಳಲು ಶುರು ಮಾಡಿದ್ದು ಆಮೇಲೆ. ಮೊದಲು ಮಾಡಿಸಿದ್ದು ಒಬ್ಬ ನರ್ಸಿನ ಕೈ ಚರ್ಮ ಉಳಿಸಲು. ಇದನ್ನು ಕೇಳಿ ಅಲ್ಲೇ ಅತ್ತುಬಿಟ್ಟೆ. ಅಷ್ಟು ದಿನ ನನ್ನ ಕೈ ನೋವು ನನ್ನ ನಾಜೂಕುತನ ಅಂತ ನಾಚಿಕೊಂಡಿದ್ದೆ.

ಚರ್ಮದ ಡಾಕ್ಟರ್ ನೋಡಿದಾಗ ಎರಡು ಬೆರಳಲ್ಲಿ ಸೋಂಕು ಹತ್ತಿತ್ತು, ಹಳದಿ ಹಕ್ಕಳೆ ಕಟ್ಟಿತ್ತು. ಆರು ವಾರ ಪೇಶೆಂಟ್ ಮುಟ್ಟುವ ಕೆಲಸ ಬೇಡ ಅಂದರು. ಅದರಲ್ಲಿ ನಾಲ್ಕು ವಾರಕ್ಕೆ ಸಂಬಳ ಬರಲಿಲ್ಲ. ಬೆನ್ನಿಗೆ ಪಟ್ಟಿ ಹಚ್ಚಿ ಅಲರ್ಜಿ ಪರೀಕ್ಷೆಯನ್ನೂ ಮಾಡಿದರು. ಯಾವುದಕ್ಕೂ ಅಲರ್ಜಿ ಇರಲಿಲ್ಲ. ಬರೀ ಸವೆತ. ನಿಮಗೂ ಈ ಪರೀಕ್ಷೆ ಬೇಕಾಗಬಹುದು, ಅದರಲ್ಲೂ ಗ್ಲೋವ್ಸ್ ತುದಿ ಮುಗಿಯುವ ಮಣಿಕಟ್ಟಿನಲ್ಲಿ ಗೆರೆ ಎಳೆದಂತೆ ಕೆಂಪಾಗಿದ್ದರೆ. ರಬ್ಬರ್ ತಯಾರಿಸುವಾಗ ಹಾಕುವ ಕೆಮಿಕಲ್‌ಗಳಿಗೆ ಕೆಲವರಿಗೆ ಅಲರ್ಜಿ ಆಗುತ್ತದೆ.

ಈಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದರೆ ಹ್ಯಾಂಡ್ ರಬ್ಬೇ. ಅಂಗೈ ತುಂಬ ತಗೊಂಡು ಉಗುರ ತುದಿ, ಹೆಬ್ಬೆರಳು ಬಿಡದೆ 20ರಿಂದ 30 ಸೆಕೆಂಡ್ ಉಜ್ಜುತ್ತೇನೆ, ಪೂರ್ತಿ ಆರುವವರೆಗೆ. ರಕ್ತ, ಮಲ, ಕಫ ಅಂಟಿದ್ದರೆ, ಟಾಯ್ಲೆಟ್‌ಗೆ ಹೋಗಿ ಬಂದರೆ, ಊಟಕ್ಕೆ ಮುಂಚೆ, ಇಷ್ಟಕ್ಕೆ ಸೋಪು. ಭೇದಿ ಆಗುತ್ತಿರುವ ಪೇಶೆಂಟ್ ಇದ್ದರೂ ಸೋಪೇ. ಭೇದಿ ತರಿಸುವ ಸಿ. ಡಿಫ್ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ, ಅವನ್ನು ತೊಳೆದೇ ಕಳೆಯಬೇಕು. ಸೋಪು ಹಾಕುವ ಮುಂಚೆ ಕೈ ಒದ್ದೆ ಮಾಡಿಕೊಳ್ಳುತ್ತೇನೆ, ನೀರು ತಣ್ಣಗಿರುತ್ತದೆ ಇಲ್ಲವೇ ಉಗುರು ಬೆಚ್ಚಗೆ, ಒಂದೇ ಪಂಪ್. ಟಿಶ್ಯೂನಲ್ಲಿ ಉಜ್ಜುವುದಿಲ್ಲ, ಒತ್ತಿ ಒರೆಸುತ್ತೇನೆ. ಬೆರಳ ಸಂದಿ ಆರಿದ ಮೇಲಷ್ಟೇ ಗ್ಲೋವ್ಸ್. ಅಮ್ಮನ ಉಂಗುರ ಈಗ ಕೊರಳ ಸರದಲ್ಲಿದೆ. ಉಂಗುರದ ಕೆಳಗೆ ಸೋಪು ಕೂರುತ್ತದೆ, ಕ್ರಿಮಿಯೂ ಕೂರುತ್ತದೆ.

ಮಾಯಿಶ್ಚರೈಸರ್ ಅನ್ನು ನಾನು ಔಷಧಿ ಅಂತಲೇ ತಿಳಿದಿದ್ದೇನೆ. ಡ್ಯೂಟಿಯಲ್ಲಿ ಊಟದ ಹೊತ್ತಿಗೆ ಒಮ್ಮೆ, ಟೀ ಹೊತ್ತಿಗೆ ಒಮ್ಮೆ, ಮನೆಗೆ ಹೊರಡುವಾಗ ಒಮ್ಮೆ. ವಾಸನೆ ಇಲ್ಲದ್ದು ಯಾವುದಾದರೂ ಸರಿ. ರಾತ್ರಿ ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿದು ಹತ್ತಿಯ ಕೈಗವಸು ಹಾಕಿಕೊಳ್ಳುತ್ತೇನೆ. ಅಜ್ಜಿ ಹೇಳಿದರು ಅಂತ ನಾನು ಡ್ಯೂಟಿಯಲ್ಲೂ ಕೊಬ್ಬರಿ ಎಣ್ಣೆ ಹಚ್ಚಿದ್ದುಂಟು. ಅದು ಬೇಡ. ಎಣ್ಣೆ, ಜೆಲ್ಲಿ ತಗಲಿದರೆ ಲೇಟೆಕ್ಸ್ ಗ್ಲೋವ್ಸ್ ಸಡಿಲವಾಗಿ ಹರಿಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅವೆಲ್ಲ ಮನೆಗೆ ಮಾತ್ರ.

ಇನ್ನೊಂದು ಕೇಳುತ್ತೇನೆ, ನೀವು ಬರೆದಿಲ್ಲ. ಡ್ಯೂಟಿ ಮುಗಿಸಿ ಮನೆಗೆ ಹೋಗಿ ಪಾತ್ರೆ ತೊಳೆಯುವವರು ಯಾರು? ಬಟ್ಟೆ ಒಗೆಯುವವರು? ನೀವೇ ಆಗಿದ್ದರೆ ಆಸ್ಪತ್ರೆಯಲ್ಲಿ ಉಳಿಸಿದ್ದು ಸಿಂಕ್‌ನಲ್ಲಿ ಹೋಗುತ್ತದೆ. ಪಾತ್ರೆ ಬಾರ್ ಚರ್ಮಕ್ಕೆ ಹ್ಯಾಂಡ್ ವಾಷ್‌ಗಿಂತ ಕಠಿಣ. ಒಳಗೆ ಹತ್ತಿ, ಹೊರಗೆ ರಬ್ಬರ್ ಗ್ಲೋವ್ಸ್ ಹಾಕಿಕೊಂಡು ತೊಳೆಯಿರಿ. ಆಗದಿದ್ದರೆ ಕೈ ವಾಸಿಯಾಗುವವರೆಗೆ ಮನೆಯಲ್ಲಿ ಬೇರೆಯವರು ತೊಳೆಯಲಿ. ಕೇಳಲು ಸಂಕೋಚ ಪಡಬೇಡಿ. ನಮ್ಮ ಮನೆಯಲ್ಲಿ ಆ ಆರು ವಾರ ತಮ್ಮ ತೊಳೆದ.

ಮತ್ತೆ ಹ್ಯಾಂಡ್ ರಬ್‌ಗೆ ಹೋದಾಗ ಮೊದಲ ನಾಲ್ಕೈದು ದಿನ ಸ್ವಲ್ಪ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಸೋಪು ಕಮ್ಮಿಯಾಗಿ ಬಿರುಕು ಮುಚ್ಚುತ್ತಾ ಬಂದ ಹಾಗೆ ಉರಿಯೂ ಇಳಿಯುತ್ತದೆ. ನಿಮ್ಮ ಬಾಟಲಿಯ ಮೇಲೆ ಗ್ಲಿಸರಿನ್ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಗ್ಲಿಸರಿನ್ ಇರುವುದನ್ನೇ ಕೇಳಿ. ಆದರೆ ಬಿರುಕಿನಿಂದ ನೀರು ಸೋರುತ್ತಿದ್ದರೆ, ಹಳದಿ ಹಕ್ಕಳೆ ಇದ್ದರೆ, ನಾಳೆ ಡ್ಯೂಟಿಗೆ ಹೋಗುವ ಮುಂಚೆಯೇ ಅವರಿಗೆ ಕೈ ತೋರಿಸಿ. ನನ್ನ ಹಾಗೆ ಗ್ಲೋವ್ಸ್ ಒಳಗೆ ಮುಚ್ಚಿಟ್ಟುಕೊಂಡು ಒಂದು ತಿಂಗಳು ತಳ್ಳಬೇಡಿ. ಮೆಡಿಕಲ್ ಶಾಪ್‌ನ ಸ್ಟೀರಾಯ್ಡ್ ಟ್ಯೂಬ್ ನೀವಾಗಿ ತಂದು ಹಚ್ಚಬೇಡಿ, ಸೋಂಕು ಇದ್ದರೆ ಅದು ಇನ್ನಷ್ಟು ಹರಡುತ್ತದೆ. ಚರ್ಮದ ಡಾಕ್ಟರ್‌ಗೆ ಕೆಲಸ ಏನು, ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ ಅಂತ ಲೆಕ್ಕ ಸಮೇತ ಹೇಳಿ. ಒಂದು ದಿನ ನನ್ನ ಹಾಗೆ ಡಬ್ಬಿಯ ಮೇಲೆ ಗೀಟು ಹಾಕಿದರೆ ಗೊತ್ತಾಗುತ್ತದೆ. ಎರಡು ವಾರ ಬಿಟ್ಟು ಕೈ ಹೇಗಿದೆ ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.